ನೆರಳಲ್ಲೇ ಅಂಕಿ ತೋರಿಸುವ ಸೂರ್ಯ ಗಡಿಯಾರ, ಎರಡನೇ ಪ್ರಿಂಟ್‌ಗೆ ಸರಿಹೋಯಿತು

ಸೂರ್ಯ ಗಡಿಯಾರ ಅಂದರೆ ತಟ್ಟೆ ಮೇಲೊಂದು ಓರೆ ಕಡ್ಡಿ, ಅದರ ನೆರಳು ಗೆರೆಯಿಂದ ಗೆರೆಗೆ ಸರಿಯೋದು, ಅಷ್ಟೇ ಅಲ್ವಾ? ಮೋಜಾಪ್ಟಿಕ್ಸ್ ಅನ್ನೋ ವೆಬ್‌ಸೈಟ್‌ನವರ ಡಿಜಿಟಲ್ ಸೂರ್ಯ ಗಡಿಯಾರದಲ್ಲಿ ಗೆರೆನೂ ಇಲ್ಲ, ಕಡ್ಡಿನೂ ಇಲ್ಲ. ಕಡ್ಡಿಯ ಜಾಗದಲ್ಲಿ ಅರ್ಧ ಸೀಳಿದ ಕೊಳವೆಯಂಥ ಒಂದು ತುಂಡು, ಅದರ ತುಂಬ ಸಣ್ಣ ಸಣ್ಣ ಸೀಳುಗಳು. ಬಿಸಿಲಿಗಿಟ್ಟರೆ ಅದರ ನೆರಳಿನೊಳಗೇ ಬೆಳಕಿನ ಚುಕ್ಕಿಗಳು ಸೇರಿ 10:20 ಅಂತ ಮೂಡುತ್ತದೆ. ಬ್ಯಾಟರಿ ಇಲ್ಲ, ವೈರ್ ಇಲ್ಲ. ಒಂದೊಂದು ಹೊತ್ತಿಗೂ ಬೇರೆ ಬೇರೆ ಸೀಳು, ಸೂರ್ಯ ಆ ಕೋನಕ್ಕೆ ಬಂದಾಗ ಮಾತ್ರ ಅದರಲ್ಲಿ ಬೆಳಕು ಇಳಿಯುತ್ತದೆ.

ಇದರ 3ಡಿ ಪ್ರಿಂಟ್ ಫೈಲ್ ಪುಕ್ಕಟೆ ಸಿಗುತ್ತದೆ, ಪ್ರಿಂಟ್ ಮಾಡಿಸೋದೇ ತಲೆನೋವು. ಬೆಂಗಳೂರಿನಲ್ಲಿ ಒಂದು ಅಂಗಡಿಗೆ ಕೊಟ್ಟೆ, ಅವರು ನನ್ನನ್ನು ಕೇಳದೆ ಬಿಳಿ ಪ್ಲಾಸ್ಟಿಕ್‌ನಲ್ಲಿ ಮಾಡಿಕೊಟ್ಟರು. ಗೋಡೆಯಿಂದಲೇ ಬೆಳಕು ಸೋರಿ ನೆರಳೆಲ್ಲ ಮಂಕು, ಸೀಳುಗಳಲ್ಲಿ ಜೇಡರ ಬಲೆ ಥರ ಎಳೆಗಳು ಬೇರೆ, 2 ಅನ್ನೋ ಅಂಕಿ ಹುಳ ತಿಂದ ಎಲೆ ಹಾಗೆ ಕಾಣುತ್ತಿತ್ತು. ಎರಡನೇ ಸಲ ಕಪ್ಪು ಬಣ್ಣವೇ ಬೇಕು ಅಂತ ಹಟ ಹಿಡಿದೆ, ಮನೆಗೆ ತಂದು ಸೂಜಿಯಲ್ಲಿ ಒಂದೊಂದೇ ಸೀಳು ಬಿಡಿಸಿದೆ. ಈಗ ಅಂಕಿ ಚೊಕ್ಕವಾಗಿದೆ.

ತಾರಸಿಯಲ್ಲಿ ಇಟ್ಟ ದಿನ ಅಪ್ಪ ವಾಚ್ ನೋಡಿ "ಅರ್ಧ ಗಂಟೆ ಹಿಂದಿದೆಯಲ್ಲೋ, ದುಡ್ಡು ವಾಪಸ್ ಕೇಳು" ಅಂದರು. ಅದು ಫೆಬ್ರವರಿ. ನಮ್ಮ ವಾಚು ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಇರೋದು 77.6ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಅಲ್ಲೇ ಸುಮಾರು 20 ನಿಮಿಷ ಹೋಯಿತು. ಅದರ ಮೇಲೆ ಸೂರ್ಯ ವರ್ಷವಿಡೀ ವಾಚಿನ ಲೆಕ್ಕಕ್ಕೆ ಸರಿಯಾಗಿ ನಡೆಯೋದಿಲ್ಲ, ಫೆಬ್ರವರಿಯಲ್ಲಿ 14 ನಿಮಿಷ ತಡ. ನವೆಂಬರ್ ಮೊದಲ ವಾರ ನೋಡಿದರೆ ಸೂರ್ಯ 16 ನಿಮಿಷ ಮುಂದೆ ಇರುತ್ತಾನೆ, ಆಗ ಬರೀ ನಾಲ್ಕೇ ನಿಮಿಷ ವ್ಯತ್ಯಾಸ. ಇಷ್ಟೆಲ್ಲ ಹೇಳಿದ ಮೇಲೂ ಅಪ್ಪನ ಮುಖ ಹಾಗೇ ಇತ್ತು.

ಕೊರತೆ ಇಲ್ಲ ಅಂತಲ್ಲ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಮಾತ್ರ ಕೆಲಸ, ಅದೂ 20 ನಿಮಿಷಕ್ಕೊಂದು ಅಂಕಿ. ಮೋಡ ಬಂದರೆ ಸುಮ್ನೆ ಒಂದು ಕಪ್ಪು ಡಬ್ಬಿ. ಇದನ್ನು ಪ್ರಿಂಟ್ ಮಾಡಿದ ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಬಿಸಿಗೆ ಬೇಗ ಮೆತ್ತಗಾಗುತ್ತದೆ, ಹಾಗಾಗಿ ಏಪ್ರಿಲ್ ಬಿಸಿಲಲ್ಲಿ ಇಡೀ ದಿನ ಹೊರಗೆ ಬಿಡಬೇಡಿ. ಕಂಪಾಸ್ ಹಿಡಿದು ಉತ್ತರಕ್ಕೆ ಸರಿಯಾಗಿ ಕೂರಿಸದಿದ್ದರೂ ಅಂಕಿ ಕೆಡುತ್ತದೆ. ನಾನು ಇದಕ್ಕೆ ಪೀಠವಾಗಿರೋ ಜಾಮ್ ಬಾಟಲಿಗೆ ಜಲ್ಲಿಕಲ್ಲು ತುಂಬಿ, ತಾರಸಿ ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದೇನೆ. ಅಮ್ಮ ಹಪ್ಪಳ ಒಣಗಿಸುವಾಗ ಅದನ್ನು ಸರಿಸದೆ ಇದ್ದರೆ ಸಾಕು.