ಸತ್ತ ಮರ ಅಳೆಯೋಕೆ ಚೌಕವೋ, ಗೆರೆಯೋ?

ಅನುಮತಿ ಪಡೆದು ಎರಡು ಭಾನುವಾರ ಬೆಂಗಳೂರಿನ ತುರಹಳ್ಳಿ ಕಾಡಿಗೆ ಹೋಗಿದ್ದೆ. ಬಿದ್ದ ಮರ, ನಿಂತೇ ಒಣಗಿದ ಮರ ಎಷ್ಟಿವೆ ಎಂದು ಅಳೆಯಬೇಕಿತ್ತು. ಮೊದಲ ವಾರ ಚೌಕ ಹಾಕಿದೆ, ಅಂದರೆ ಹಗ್ಗ ಕಟ್ಟಿ ಅದರೊಳಗಿನದನ್ನೆಲ್ಲ ಅಳೆದೆ. ಮುಂದಿನ ವಾರ ಅದೇ ಜಾಗದಲ್ಲಿ ಗೆರೆ ಎಳೆದೆ, ಅಂದರೆ ಟೇಪು ಹಾಸಿ ಅದಕ್ಕೆ ಅಡ್ಡ ಬಂದದ್ದನ್ನಷ್ಟೇ ಅಳೆದೆ.

ಗೆರೆ ಸುಲಭ. 100 ಮೀಟರ್ ಟೇಪು ಹಾಸಿ, ಅದಕ್ಕೆ ಅಡ್ಡ ಸಿಗುವ 10 ಸೆಂ.ಮೀ.ಗಿಂತ ದಪ್ಪದ ದಿಮ್ಮಿಗಳ ವ್ಯಾಸವನ್ನು ಟೇಪು ದಾಟುವ ಕಡೆ ಅಳೆದರೆ ಸಾಕು. ಉದ್ದ ಬೇಡವೇ ಬೇಡ. ಸೆಂ.ಮೀ. ಲೆಕ್ಕದ ಪ್ರತಿ ವ್ಯಾಸದ ವರ್ಗ ಮಾಡಿ ಕೂಡಿ, 1.234ರಿಂದ ಗುಣಿಸಿ, ಟೇಪಿನ ಉದ್ದವಾದ 100ರಿಂದ ಭಾಗಿಸಿದರೆ ಹೆಕ್ಟೇರಿಗೆ ಎಷ್ಟು ಘನ ಮೀಟರ್ ಎಂದು ಬರುತ್ತದೆ. ಕೆನಡಾದ ವ್ಯಾನ್ ವ್ಯಾಗ್ನರ್ 1968ರಲ್ಲಿ ವಿವರಿಸಿದ ಲೆಕ್ಕ ಇದು. ನನಗೆ ಸಿಕ್ಕಿದ್ದು 11, 12, 13, 15 ಸೆಂ.ಮೀ.ನ ನಾಲ್ಕು ದಿಮ್ಮಿ. ಅಂದರೆ ಸುಮಾರು 8 ಘನ ಮೀಟರ್. ನಲವತ್ತು ನಿಮಿಷದಲ್ಲಿ ಮುಗಿಯಿತು.

ಖುಷಿಯಾಗಿ ಹತ್ತು ಹೆಜ್ಜೆ ಪಕ್ಕಕ್ಕೆ ಇನ್ನೊಂದು ಗೆರೆ ಹಾಕಿದೆ. ಸಿಕ್ಕಿದ್ದು 12 ಸೆಂ.ಮೀ.ನ ಒಂದೇ ದಿಮ್ಮಿ. ಲೆಕ್ಕ 2 ಘನ ಮೀಟರ್ ಕೂಡ ದಾಟಲಿಲ್ಲ! ದಿಮ್ಮಿ ಕಡಿಮೆ ಇರುವ ಕಡೆ ಒಂದೆರಡು ಗೆರೆ ನಂಬಬಾರದು. ಮರಗಳೆಲ್ಲ ಒಂದೇ ದಿಕ್ಕಿಗೆ ಬಿದ್ದಿದ್ದರೆ ಇನ್ನೂ ತಪ್ಪುತ್ತದೆ, ಅದಕ್ಕೇ ತ್ರಿಕೋನದಂತೆ ಮೂರು ಗೆರೆ ಹಾಕುವುದು ಒಳ್ಳೆಯದು.

ಚೌಕಕ್ಕೆ ಎರಡೂವರೆ ಗಂಟೆ ಬೇಕಾಯಿತು. 20 ಮೀಟರ್ ಉದ್ದ, 20 ಮೀಟರ್ ಅಗಲ. ಲಂಟಾನ ಪೊದೆಯೊಳಗೆ ಹಗ್ಗ ಎಳೆಯುವಷ್ಟರಲ್ಲೇ ಕೈಯೆಲ್ಲ ಗೀರು. ದಿಮ್ಮಿಯ ಉದ್ದ, ನಡುವಿನ ದಪ್ಪ ಎರಡೂ ಬರೆಯಬೇಕು. ಹಗ್ಗದ ಆಚೆ ಚಾಚಿದ ಭಾಗ ಬಿಡಬೇಕು. ಆದರೆ ಅಷ್ಟು ಹೊತ್ತು ಒಂದೇ ಕಡೆ ಇದ್ದಿದ್ದಕ್ಕೆ ಎಷ್ಟೊಂದು ಕಂಡಿತು! ಚಾಕುವಿನ ತುದಿ ಒತ್ತಿದರೆ ಕೆಲವು ದಿಮ್ಮಿ ಗಟ್ಟಿ, ಕೆಲವು ಮೆತ್ತಗೆ. ಮೆತ್ತಗಿನದರ ಮೇಲೆ ಅಣಬೆ. ನಿಂತೇ ಒಣಗಿದ ಒಂದು ಮರದಲ್ಲಿ ಕುಟ್ರು ಹಕ್ಕಿ ಕೊರೆದ ಪೊಟರೆ. ಗೆರೆಯ ಲೆಕ್ಕ ನೆಲಕ್ಕೆ ಬಿದ್ದ ಮರಕ್ಕೆ ಮಾತ್ರ. ಈ ಮರ ಅದರಲ್ಲಿ ಬರುವುದೇ ಇಲ್ಲ.

ಎರಡನೇ ಭಾನುವಾರ ಹೋದಾಗ ನಾನು ಅಳೆದಿದ್ದ ಒಂದು ದಿಮ್ಮಿ ಇರಲಿಲ್ಲ. ಸೌದೆ ಹೊತ್ತು ಹೊರಟಿದ್ದ ಅಜ್ಜಿಯೊಬ್ಬರು, "ಬಿಟ್ರೆ ಗೆದ್ದಲು ತಿನ್ನುತ್ತೆ ಕಣಮ್ಮಾ" ಎಂದರು. "ಅದು ತಿನ್ನಲಿ ಅಂತಾನೇ ಬಿಡೋದು ಅಜ್ಜಿ" ಎಂದೆ. ಒಲೆ ಉರಿಯಬೇಕಲ್ವಾ ಎಂದು ಅವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಯುರೋಪಿನ ಬಯಲು ಪ್ರದೇಶದ ಓಕ್ ಮತ್ತು ಬೀಚ್ ಕಾಡುಗಳಲ್ಲಿ ಅಣಬೆ, ಹುಳು, ಹಕ್ಕಿಗಳಿಗಾಗಿ ಹೆಕ್ಟೇರಿಗೆ 30ರಿಂದ 50 ಘನ ಮೀಟರ್ ಸತ್ತ ಮರ ಇರಲಿ ಎನ್ನುತ್ತಾರೆ. ಗೆದ್ದಲು ಬೇಗ ತಿಂದು ಮುಗಿಸುವ ನಮ್ಮ ಕುರುಚಲು ಕಾಡಿಗೆ ಆ ಅಳತೆ ಸುಮ್ನೆ ತಂದು ಹಾಕಬಾರದು.

ತುರಹಳ್ಳಿಯಂಥ ಸಣ್ಣ ಕಾಡಿಗೆ ನಾನು ಚೌಕವನ್ನೇ ಆರಿಸುತ್ತೇನೆ. ಬನ್ನೇರುಘಟ್ಟದಷ್ಟು ದೊಡ್ಡದಾದರೆ ಗೆರೆ ಸರಿ, ಆದರೆ ನಿಂತ ಒಣಮರಗಳನ್ನು ಬೇರೆಯಾಗಿ ಎಣಿಸಲೇಬೇಕು.