ಲಂಗ್ ಬಯಾಪ್ಸಿಯಲ್ಲಿ ಟಿಬಿ ಹುಡುಕೋಕೆ ಜೆಡ್‌ಎನ್ನಾ, ಆರಮೀನಾ?

ಮೊದಲೇ ಹೇಳಿಬಿಡ್ತೀನಿ, ಲಂಗ್ ಬಯಾಪ್ಸಿಗೆ ನನ್ನ ವೋಟು ಹಳೇ ಜೆಡ್‌ಎನ್‌ಗೇ, ಅಂದ್ರೆ ಟಿಬಿ ಬ್ಯಾಕ್ಟೀರಿಯಾನ ಕೆಂಪಾಗಿ ತೋರಿಸೋ ಜೀಲ್-ನೀಲ್ಸನ್ ಬಣ್ಣಕ್ಕೆ. ಹೋದ ವರ್ಷ ಅದೇ ಬ್ಯಾಕ್ಟೀರಿಯಾನ ಹೊಳೆಯೋ ಹಾಗೆ ಮಾಡೋ ಆರಮೀನ್ ಬಣ್ಣಕ್ಕೆ ಅಂತಲೇ ಎಲ್‌ಇಡಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ತಗೊಂಡೆ, ಕಂತು ಇನ್ನೂ ಕಟ್ತಾ ಇದೀನಿ, ಆದ್ರೂ ಇದೇ ಮಾತು.

ತಗೊಂಡಿದ್ದು ಕತ್ತು ನೋವಿಗೆ. ಬ್ರಾಂಕೋಸ್ಕೋಪಿಯಲ್ಲಿ (ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ ನೋಡುವಾಗ) ಬರೋದು ಒಂದೆರಡು ಮಿಲಿಮೀಟರ್ ಚೂರು, ಅದರಲ್ಲಿ ಬ್ಯಾಸಿಲೈ (ಕಡ್ಡಿಯಾಕಾರದ ಟಿಬಿ ಬ್ಯಾಕ್ಟೀರಿಯಾ) ಇದ್ರೆ ಒಂದೋ ಎರಡೋ, ಅವೂ ನೆಕ್ರೋಸಿಸ್ (ಸತ್ತ ಅಂಗಾಂಶ) ಅಂಚಲ್ಲಿ ಎಲ್ಲೋ ಅಡಗಿರ್ತವೆ, 100ಎಕ್ಸ್ ಆಯಿಲ್‌ನಲ್ಲಿ ಹುಡುಕ್ತಾ ಕೂತ್ರೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಆರಮೀನ್ ಆದ್ರೆ 40ಎಕ್ಸ್ ಸಾಕು, ಎಣ್ಣೆ ಬೇಡ, ಕತ್ತಲಲ್ಲಿ ಹಳದಿ ಕಡ್ಡಿಗಳು ಹೊಳೀತವೆ. ಕಫಕ್ಕೆ ಸೂಪರ್, ಸುಳ್ಳು ಹೇಳಲ್ಲ.

ತಲೆನೋವು ಶುರುವಾಗಿದ್ದು ಬಯಾಪ್ಸಿಯಲ್ಲಿ. ಲಂಗ್ ತುಂಬಾ ಎಲಾಸ್ಟಿಕ್ ಫೈಬರ್ ಇರುತ್ತಲ್ಲ, ಅದು ಬಣ್ಣ ಹಾಕದೇ ಇದ್ರೂ ತಾನಾಗೇ ಹೊಳಿಯುತ್ತೆ. ಉದ್ದಕ್ಕೆ ಇದ್ರೆ ಗೊತ್ತಾಗುತ್ತೆ, ಸೆಕ್ಷನ್‌ನಲ್ಲಿ (ತೆಳುವಾಗಿ ಕೊಯ್ದ ಪದರದಲ್ಲಿ) ತುಂಡಾಗಿ ಬಂದ್ರೆ ಸಣ್ಣ ಕಡ್ಡಿ ಥರಾನೇ. ಒಂದು ಸಂಜೆ ಅಂಥದ್ದೇ ನಾಲ್ಕೈದು ಕಂಡು ಪಾಸಿಟಿವ್ ಅಂತ ಟೈಪ್ ಮಾಡೋಕೆ ಕೂತಿದ್ದೆ, ಯಾಕೋ ಮನಸ್ಸು ಒಪ್ಪಲಿಲ್ಲ, ಕವರ್‌ಸ್ಲಿಪ್ ಬಿಡಿಸೋಕೆ ಸ್ಲೈಡನ್ನ ರಾತ್ರಿಯಿಡೀ ಕ್ಸೈಲೀನ್‌ನಲ್ಲಿಟ್ಟು ಬೆಳಗ್ಗೆ ಅದರ ಮೇಲೇ ಜೆಡ್‌ಎನ್ ಮಾಡಿದೆ. ಗುರುತು ಮಾಡಿಟ್ಟ ಜಾಗದಲ್ಲಿ ಒಂದೂ ಕೆಂಪು ಕಡ್ಡಿ ಇಲ್ಲ! ನನ್ನ ಒಂದು ಸಾಲು ನಂಬ್ಕೊಂಡು ಆ ಮನುಷ್ಯ ಆರು ತಿಂಗಳು ಮಾತ್ರೆ ನುಂಗಬೇಕಿತ್ತು.

ಆರಮೀನ್ ಆದ್ಮೇಲೆ ಹಿನ್ನೆಲೆಯ ಹೊಳಪು ಅಡಗಿಸೋಕೆ ಹಾಕೋ ಪರ್ಮಾಂಗನೇಟ್ ಜಾಸ್ತಿ ಹೊತ್ತು ಬಿಟ್ರೆ ಫೈಬರ್ ಮಂಕಾಗುತ್ತೆ ಅಂದ್ರು. ಟೆಕ್ನಿಶಿಯನ್ ಹಾಗೇ ಬಿಟ್ಟ, ಫೈಬರ್ ಮಂಕಾಯ್ತು, ಜೊತೆಗಿದ್ದ ಪಾಸಿಟಿವ್ ಕಂಟ್ರೋಲ್‌ನ ಬ್ಯಾಸಿಲೈಯೂ ಮಂಕಾದ್ವು. ಕಮ್ಮಿ ಮಾಡಿದ್ರೆ ಮತ್ತೆ ಅದೇ ದೀಪಾವಳಿ.

ಇನ್ನೊಂದು, ಆರಮೀನ್ ಸ್ಲೈಡ್ ಬೆಳಕಿಗೆ ಮಾಸಿಹೋಗುತ್ತೆ, ಜೆಡ್‌ಎನ್ ಸ್ಲೈಡ್ ಟ್ರೇನಲ್ಲಿಟ್ಟು ವರ್ಷ ಬಿಟ್ಟು ತೆಗೆದ್ರೂ ಸೀನಿಯರ್‌ಗೆ ತೋರಿಸಬಹುದು. ಖರ್ಚು? ಕಾರ್ಬಾಲ್ ಫುಕ್ಸಿನ್, ಆಸಿಡ್ ಆಲ್ಕೋಹಾಲ್, ಮಿಥಿಲೀನ್ ಬ್ಲೂ, ಮುಗೀತು. ನಲ್ಲಿ ನೀರಲ್ಲೂ ಇದೇ ಬಣ್ಣ ಹಿಡಿಯೋ (ಆಸಿಡ್-ಫಾಸ್ಟ್) ಬ್ಯಾಕ್ಟೀರಿಯಾ ಇರಬಹುದು, ಅದಕ್ಕೆ ಎರಡಕ್ಕೂ ಡಿಸ್ಟಿಲ್ಡ್ ವಾಟರೇ.

ಈಗ ಕಫ, ಲವಾಜ್ (ಶ್ವಾಸಕೋಶ ತೊಳೆದು ತೆಗೆದ ನೀರು) ಬಂದ್ರೆ ಆರಮೀನ್. ಬಯಾಪ್ಸಿ ಬಂದ್ರೆ ಮಾಮೂಲಿ ಎಚ್‌ಆಂಡ್‌ಇ ಬಣ್ಣಕ್ಕೆ ಕಟ್ ಮಾಡುವಾಗಲೇ ಎರಡು ಸೆಕ್ಷನ್ ಜೆಡ್‌ಎನ್‌ಗೆ ಎತ್ತಿಡಿಸ್ತೀನಿ. ದಿನಕ್ಕೆ ಇಪ್ಪತ್ತು ಬಯಾಪ್ಸಿ ಬರೋ ದೊಡ್ಡ ಲ್ಯಾಬ್‌ನೋರ ಲೆಕ್ಕ ಬೇರೆ ಇರಬಹುದು, ನನಗೆ ವಾರಕ್ಕೆ ಬರೋದೇ ಎರಡೋ ಮೂರೋ, ಕತ್ತಿಗೆ ಬಿಸಿನೀರಿನ ಬ್ಯಾಗ್ ಇದೆ.