ಮನೆ ವೈಫೈ ಒಣದ್ರಾಕ್ಷಿ ಶೆಡ್‌ವರೆಗೆ: ಎರಡು ಸೀಸನ್ ಬಳಸಿದ ಮೇಲೆ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮ ತೋಟದ ಮನೆಯಿಂದ ಒಣದ್ರಾಕ್ಷಿ ಶೆಡ್‌ಗೆ ಸುಮಾರು 150 ಮೀಟರ್ ದೂರ. ಮನೆಯಲ್ಲಿ ಫೈಬರ್ ಇದೆ, 50 ಎಂಬಿಪಿಎಸ್ ಪ್ಲಾನ್. ಶೆಡ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಪುಣ್ಯ. ಮಾಲು ರ‍್ಯಾಕ್ ಮೇಲಿರುವಾಗ ಎರಡು ಕ್ಯಾಮೆರಾ ಓಡಲೇಬೇಕು, ಮೇಲಿಂದ ವ್ಯಾಪಾರಿ ಯಾವಾಗ ಬೇಕಾದರೂ ವಿಡಿಯೊ ಕಾಲ್ ಮಾಡಿ ಬಣ್ಣ ತೋರಿಸು ಅನ್ನುತ್ತಾರೆ.

ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಲೋದಿಲ್ಲ. ಹಳೇ ಮನೆಯ ಕಲ್ಲಿನ ಗೋಡೆ ಒಂದು ಕಡೆ, ಶೆಡ್‌ನ ತಗಡು ಇನ್ನೊಂದು ಕಡೆ. ಎರಡೂ ಸಿಗ್ನಲ್ ತಿನ್ನುತ್ತವೆ. ನೆಟ್‌ವರ್ಕ್ ಕೇಬಲ್ ಎಳೆಯೋಣ ಅಂದರೆ ಅದರ ಮಿತಿ 100 ಮೀಟರ್, ಅದೂ ಅಲ್ಲದೆ ವರ್ಷಕ್ಕೊಮ್ಮೆ ಟ್ರ್ಯಾಕ್ಟರ್ ಹೊಡೆಯುವ ಜಾಗದಲ್ಲಿ ಹೂತಿಡುವುದು ಯಾರಿಗೆ ಬೇಕು? ಹಾಗಾಗಿ 5 ಗಿಗಾಹರ್ಟ್ಜ್‌ನ ಹೊರಾಂಗಣ ಸಿಪಿಇ, ಅಂದರೆ ತಂತಿಯಿಲ್ಲದೆ ಒಂದಕ್ಕೊಂದು ನೆಟ್ ದಾಟಿಸುವ ಆಂಟೆನಾ ಡಬ್ಬಿ, ಒಂದು ಜೋಡಿ ತಂದೆ. ಒಂದು ಮಾಳಿಗೆ ಮೇಲಿನ ಪೈಪಿಗೆ, ಇನ್ನೊಂದು ಶೆಡ್ ಕಂಬಕ್ಕೆ, ಮುಖಾಮುಖಿ. ಈ ಬ್ಯಾಂಡ್‌ಗೆ 2018ರಲ್ಲೇ ಕೇಂದ್ರ ಸರ್ಕಾರ ಲೈಸೆನ್ಸ್ ಬೇಕಿಲ್ಲ ಅಂದಿದೆ, ಪರವಾನಗಿ ತಲೆನೋವಿಲ್ಲ. ನಮ್ಮ ಕಾಕಾ ಮಾತ್ರ "ಏನಪಾ, ಈ ಬಿಳಿ ಡಬ್ಬಿ ಕಾಗಿ ಬೆದರಸಾಕ ಹಚ್ಚೀಯೇನು?" ಅಂದರು.

ಕೂರಿಸುವುದು ಕಷ್ಟವಲ್ಲ. ಡಬ್ಬಿಯ ಹಿಂದೆ ಸಿಗ್ನಲ್ ತೋರಿಸುವ ಸಣ್ಣ ದೀಪಗಳಿವೆ. ಕ್ಲ್ಯಾಂಪ್ ಸಡಿಲ ಮಾಡಿ ಬೆರಳಷ್ಟು ಆಚೆ ಈಚೆ ತಿರುಗಿಸುತ್ತಾ ಹೋದರೆ ಎಲ್ಲ ದೀಪ ಹತ್ತುವ ಜಾಗ ಸಿಗುತ್ತದೆ, ಅಲ್ಲೇ ಬಿಗಿ ಮಾಡಬೇಕು. ಪೆಟ್ಟಿಗೆ ಮೇಲೆ 300 ಎಂಬಿಪಿಎಸ್ ಅಂತ ದೊಡ್ಡದಾಗಿ ಬರೆದಿದ್ದಾರೆ, ಆದರೆ ಇದರ ಕೇಬಲ್ ಪೋರ್ಟ್ ಇರುವುದೇ 100ರದ್ದು, ಆ ಅಂಕಿ ನಂಬಬೇಡಿ. ಅದರ ಗೊಡವೆ ನನಗಿಲ್ಲ, ಏಕೆಂದರೆ ನಮ್ಮ 50 ಹೆಚ್ಚುಕಡಿಮೆ ಪೂರ್ತಿ ಶೆಡ್‌ಗೆ ಬರುತ್ತದೆ.

ತೊಂದರೆ ಕೊಟ್ಟಿದ್ದು ಡಬ್ಬಿ ಅಲ್ಲ, ಸುತ್ತಲಿನ ಸಾಮಾನು. ಮೊದಲನೆಯದು ಕಬ್ಬು. ತುಬಚಿ-ಬಬಲೇಶ್ವರ ಏತ ನೀರಾವರಿ ನೀರು ಬಂದ ಮೇಲೆ ಪಕ್ಕದವರು ಕಬ್ಬು ಹಾಕಿದ್ದಾರೆ, ಅದು ನಮ್ಮ ದ್ರಾಕ್ಷಿ ಚಪ್ಪರದ ಹಾಗೆ ತಗ್ಗಿನಲ್ಲಿ ನಿಲ್ಲುವ ಬೆಳೆಯಲ್ಲ. ಗರಿ ನಡುವೆ ಬಂತು, ಮಳೆಗೆ ಒದ್ದೆಯಾದ ದಿನ ಕ್ಯಾಮೆರಾ ತುಂಡು ತುಂಡಾಗಿ ಓಡಿತು. ಎರಡು ಡಬ್ಬಿ ಒಂದಕ್ಕೊಂದು ಕಂಡರೆ ಸಾಲದು. ಇಷ್ಟು ದೂರಕ್ಕೆ ಎರಡೂ ಡಬ್ಬಿಗಳ ನಡುವಿನ ನೇರ ಗೆರೆಯ ನಡುಮಧ್ಯದಲ್ಲಿ, ಅದರ ಸುತ್ತ ಸುಮಾರು ಒಂದೂವರೆ ಮೀಟರ್ ಖಾಲಿ ಇರಬೇಕು. ಎರಡೂ ಕಡೆ ಪೈಪ್ ಎತ್ತರಿಸಿದ ಮೇಲೆ ಸರಿಹೋಯಿತು.

ಎರಡನೆಯದು ಗಂಧಕ. ಇದನ್ನು ಯಾವ ಮ್ಯಾನುಯಲ್‌ನಲ್ಲೂ ಬರೆದಿಲ್ಲ. ಬಣ್ಣ ಬರಲಿ ಅಂತ ಗಂಧಕದ ಹೊಗೆ ಕೊಡುತ್ತೇವಲ್ಲ, ಅದು ಶೆಡ್ ಒಳಗಿನ ಲೋಹವನ್ನೆಲ್ಲ ತಿನ್ನುತ್ತದೆ. ಕೇಬಲ್ ತುದಿಯ ಪ್ಲಗ್ ಬಿಚ್ಚಿ ನೋಡಿದರೆ ಹಳದಿ ಪಿನ್‌ಗಳು ಕಪ್ಪಾಗಿದ್ದವು, ಲಿಂಕ್ ಬಿಟ್ಟು ಬಿಟ್ಟು ಹತ್ತುತ್ತಿತ್ತು. ಹೊಸ ಪ್ಲಗ್ ಹಾಕಿಸಿ ರೂಟರ್, ಅಡಾಪ್ಟರ್ ಎರಡನ್ನೂ ಹೊರಗಿನ ಮುಚ್ಚಿದ ಪೆಟ್ಟಿಗೆಗೆ ಸಾಗಿಸಿದೆ. ಆಮೇಲೆ ಆ ಕಾಟ ಇಲ್ಲ. ಅಂಗಡಿಯವರು ಜೊತೆಗೆ ಕೊಟ್ಟ ಬೂದು ಕೇಬಲ್ ಮನೆಯೊಳಗಿನದು, ನಮ್ಮ ಬೇಸಿಗೆ ಬಿಸಿಲಿಗೆ ಸಿಪ್ಪೆ ಬಿರುಕು ಬಿಟ್ಟಿತು. ಕಪ್ಪು ಹೊರಾಂಗಣ ಕೇಬಲ್ಲನ್ನೇ ಕೇಳಿ ತನ್ನಿ, ನಾಲ್ಕು ದುಡ್ಡು ಜಾಸ್ತಿ ಆಗಲಿ.

ಕರೆಂಟ್ ಮಾತು ಬೇರೆ. ತೋಟದ ಲೈನ್ ಹೋದಾಗ ಶೆಡ್ ಕಡೆಯದು ಸತ್ತು ಹೋಗುತ್ತದೆ, ಕಳ್ಳರ ಹೊತ್ತು ಅದೇ ಅಲ್ವಾ. ಡಬ್ಬಿ ಕುಡಿಯುವ ವಿದ್ಯುತ್ ತೀರಾ ಕಡಿಮೆ, ಹೀಗಾಗಿ ಒಂದು ಸಣ್ಣ ಇನ್ವರ್ಟರ್ ರಾತ್ರಿ ಪೂರ್ತಿ ಎಳೆಯುತ್ತದೆ. ಜೊತೆಗೆ ಬಂದ ಅಡಾಪ್ಟರ್ 24 ವೋಲ್ಟ್‌ನದು. ಅದು ಕೆಟ್ಟರೆ ಕೈಗೆ ಸಿಕ್ಕ 48 ವೋಲ್ಟ್‌ನದನ್ನು ಚುಚ್ಚಬೇಡಿ. ಮುಂಗಾರಿನ ಮೊದಲ ಗುಡುಗಿಗೆ ಮುಂಚೆ ಪೈಪಿಗೆ ಅರ್ಥಿಂಗ್ ಮಾಡಿಸಿ.

ನಿಮ್ಮ ಶೆಡ್ ಮನೆಯಿಂದ 40-50 ಮೀಟರ್ ಒಳಗಿದ್ದರೆ ಇದೆಲ್ಲ ಸುಮ್ನೆ ಖರ್ಚು. ಒಂದು ಹೊರಾಂಗಣ ಕೇಬಲ್ ಪೈಪಿನಲ್ಲಿ ಹಾಕಿ, ಆ ತುದಿಗೆ ಹಳೇ ರೂಟರ್ ಒಂದನ್ನು ಆ್ಯಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ ಅನ್ನು ವೈಫೈ ಆಗಿ ಹಂಚುವ ಡಬ್ಬಿ) ಮಾಡಿಕೊಳ್ಳಿ, ಸಾಕು.